ಗೆರೆಯಿಂದ ಇಳಿದ ಅಂಕಿಗಳು

ಮೈಲಾಪೂರ್, 3-6-1999

ತೀರ್ಥರೂಪು ಅಪ್ಪನವರಿಗೆ ಊರ್ಮಿಳಾಳ ನಮಸ್ಕಾರಗಳು.

ಹುಡುಗ ಅಮುದನ್ ನಮ್ಮವನಲ್ಲ, ನಿಮ್ಮ ಲಗ್ನಪತ್ರಿಕೆಯನ್ನು ಮುಟ್ಟುವುದೂ ಇಲ್ಲ ಎಂದಿದ್ದಿರಿ. ನಾನು ಕಳುಹಿಸಿದ್ದ ಅದರ ಪ್ರೂಫ್ ನಿನ್ನೆ ವಾಪಸು ಬಂತು. ತಾರೀಖಿನ ಐದು, ಏಳು, ಒಂಬತ್ತುಗಳಿಗೆಲ್ಲ ಕೆಂಪು ಸುತ್ತು, ಪಕ್ಕದಲ್ಲಿ ‘ಗೆರೆ ತಪ್ಪಿದೆ’ ಎಂದು ನಿಮ್ಮ ಅಕ್ಷರ. ಅಮುದನ್ ಹೊಸದಾಗಿ ಕಲಿತ ಕನ್ನಡದಲ್ಲಿ, “ಮಾಮಾ ಓದಿದಾರೆ!” ಎಂದು ತಮ್ಮ ಪ್ರೆಸ್ಸಿನಲ್ಲೇ ಕುಣಿದುಬಿಟ್ಟರು.

ಅದು ತಪ್ಪಲ್ಲಪ್ಪ. ಅವರು ಆರಿಸಿದ್ದು ಗ್ಯಾರಮಂಡ್ ಎಂಬ ಹಳೇ ಕಾಲದ ಇಂಗ್ಲಿಷ್ ಅಚ್ಚಕ್ಷರ. ಅದರ ಕೆಲವು ಅಂಕಿಗಳು ಗೆರೆಯ ಕೆಳಗೆ ಕಾಲು ಚಾಚಿಯೇ ಕೂರುತ್ತವೆ, ಈಸಿಚೇರಿನಲ್ಲಿ ನಿಮ್ಮ ಹಾಗೆ. ಬೇಡವೆಂದರೆ ಬದಲಾಯಿಸುತ್ತೇವೆ.

ನಿಜವಾದ ತಪ್ಪೊಂದನ್ನು ಮಾತ್ರ ನೀವು ಸುತ್ತಿಲ್ಲ. ಮದುವೆಗೆ ಕರೆಯುವವರ ಹೆಸರಿನ ಸಾಲು ಖಾಲಿಯಿದೆ. ಅದೇ ಕೆಂಪು ಪೆನ್ನಿನಲ್ಲಿ ತುಂಬಿ ಕಳಿಸಿ.

ಅಚ್ಚು ನಿಲ್ಲಿಸಿ ಕಾಯುತ್ತಿರುವ,
ನಿಮ್ಮ ಊರ್ಮಿಳಾ