ಉಯ್ಯಾಲೆ ಹತ್ತಬೇಡ

ಪುಟ್ಟೀ,

ಹಾಲು ಕಾಯಿಸಿಟ್ಟಿದ್ದೀನಿ, ಕುಡಿ. ಹಾಡೋ ಗಂಟಲಿಗೆ ತಣ್ಣೀರು ಬೇಡ.

ನಿನ್ನೆ ನಮ್ಮ ತಂಡದ ಹಳೇ ನಾಟಕಾನ ಸಿನಿಮಾದಲ್ಲಿ ನೋಡಿ ನನಗೂ ಕಣ್ಣು ತುಂಬಿತು. ಹಾಡೆಲ್ಲ ಹಾಗೇ ಇಟ್ಟಿದ್ದಾರೆ. ಆದರೆ ಕೊನೇ ಹಾಡಿಗೆ ರಾಣೀನ ಉಯ್ಯಾಲೆ ಮೇಲೆ ಕೂರಿಸಿದಾಗ ನೀನು ಚಪ್ಪಾಳೆ ತಟ್ಟಿದೆ, ನನ್ನ ಕೈ ಮೇಲೇಳಲಿಲ್ಲ. "ಅಜ್ಜಾ, ನೀವ್ಯಾಕೆ ನೆಲದ ಮೇಲೇ ನಿಲ್ಲಿಸಿ ಹಾಡಿಸ್ತಿದ್ರಿ?" ಅಂದೆ. ಅದಕ್ಕೆ ಉತ್ತರ ಇಲ್ಲಿ ಬರೀತಿದ್ದೀನಿ.

ಮೊದಲು ನಾವೂ ಉಯ್ಯಾಲೆಯಲ್ಲೇ ಕೂರಿಸ್ತಿದ್ವಿ. ಹಗ್ಗ ಕಟ್ಟುತ್ತಿದ್ದವನು ನಾನೇ. ಹಗ್ಗ ಹರಿಯಲಿಲ್ಲ ಕಣಮ್ಮಾ, ಅದನ್ನ ಕಟ್ಟಿದ್ದ ರಂಗದ ತೊಲೆ ಸೀಳಿತು. ರಾಣಿಯಾಗಿದ್ದವಳು ನನ್ನ ತಂಗಿ. ಬಿದ್ದವಳು ಮತ್ತೆ ಏಳಲೇ ಇಲ್ಲ.

ಆ ತೊಲೆಗೆ ಕಬ್ಬಿಣದ ಪಟ್ಟಿ ಹೊಡೆದು ಬಣ್ಣ ಬಳಿದರು, ಬದಲಾಯಿಸಲಿಲ್ಲ. ಈಗ ರಾಣಿ ಪಾತ್ರ ನಿನ್ನದು; ನಾಟಕದ ಮೇಷ್ಟ್ರು ಇವತ್ತು ನಿನ್ನನ್ನ ಅದೇ ತೊಲೆಗೆ ಕಟ್ಟಿದ ಉಯ್ಯಾಲೆಗೆ ಸಿನಿಮಾದ ಹಾಗೇ ಹತ್ತಿಸ್ತಾರಂತೆ. ಅದಕ್ಕೇ ನಿನಗಿಂತ ಮೊದಲೇ ಅಲ್ಲಿಗೆ ಹೋಗ್ತಿದ್ದೀನಿ. ನಿನ್ನ ಎರಡರಷ್ಟು ತೂಕದ ಮರಳುಮೂಟೆ ಕಟ್ಟಿ ತೂಗಿ ನೋಡ್ತೀನಿ. ಮೇಷ್ಟ್ರು ಅದಕ್ಕೆ ಬಿಡದಿದ್ದರೆ ನಾನೇ ಕೂತು ತೂಗಿಕೊಳ್ತೀನಿ.

ನಾನು ಬಂದು ಬಾಗಿಲು ತಟ್ಟೋವರೆಗೆ ಹೊರಡಬೇಡ. ಅಜ್ಜನಿಗೆ ಏನೋ ಆಯ್ತು ಅಂತ ಯಾರಾದರೂ ಓಡಿಬಂದು ಕರೆದರೆ ಬಾ. ಆದರೆ ಆ ತೊಲೆ ಕೆಳಗೆ ಮಾತ್ರ ನಿಲ್ಲಬೇಡ.

ಅಜ್ಜ