ಯಜಮಾನರ ಪ್ರಿಂಟರು

ಅಕ್ಟೋಬರ್ 9, 2004. ಶನಿವಾರ, ಸಂಜೆ

ದೋಸೆಗೆ ನೆನೆಹಾಕಿ ಬಂದೆ. ಯಜಮಾನರು ಇನ್ನೂ ಅಲ್ಲೇ ಕೂತಿದ್ದಾರೆ. ಪ್ರಿಂಟರಿನ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಟ್ಟು ನೋಡುತ್ತಿದ್ದಾರೆ, ಗಂಟಲು ನೋಡುವ ಡಾಕ್ಟರರ ಹಾಗೆ.

ತೊಂದರೆ ಇಷ್ಟೇ. ಸ್ಕ್ರೀನ್ ಮೇಲೆ ಕನ್ನಡ ಮುದ್ದಾಗಿ ಕಾಣುತ್ತದೆ. ಪ್ರಿಂಟ್ ಕೊಟ್ಟರೆ ಪೌಂಡ್ ಗುರುತು, ತಲೆಯ ಮೇಲೆ ಗೀಟು ಹೊತ್ತ ಇಂಗ್ಲಿಷ್ ಎ, ಕೊಕ್ಕೆ, ಚುಕ್ಕಿ... ಬರೀ ಕಸ. ಇಂಗ್ಲಿಷ್ ಮಾತ್ರ ನೆಟ್ಟಗೆ ಬರುತ್ತದೆ.

"ನಿನ್ ಫ್ಲಾಪೀಲೇ ಏನೋ ದೋಷ ಕಣೇ ತುಂಗಾ."

"ಸ್ಕ್ರೀನಲ್ಲಿ ಸರಿಯಾಗಿದೆಯಲ್ಲ?"

"ಅದು ಬೇರೆ, ಇದು ಬೇರೆ. ನಿಂಗೆ ಅರ್ಥ ಆಗಲ್ಲ ಬಿಡು."

ಉತ್ತರಪತ್ರಿಕೆಯಲ್ಲಿ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ.

ಬ್ಯಾಂಕಿನಿಂದ ವಿಆರ್‌ಎಸ್ ತೆಗೆದುಕೊಂಡ ಮೇಲೆ ನಮ್ಮ ಯಜಮಾನರು, ಶ್ರೀಮಾನ್ ಲಕ್ಷ್ಮೀಪತಿಯವರು, ಕಂಪ್ಯೂಟರ್ ಪಂಡಿತರಾಗಿದ್ದಾರೆ. ರಾಜಾಜಿನಗರದಲ್ಲಿ ಕೋರ್ಸು ಮಾಡಿದರು. ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ಯಾವುದೋ ಆಫೀಸಿನ ಹರಾಜಿನಲ್ಲಿ ಈ ಹಳೇ ಲೇಸರ್ ಪ್ರಿಂಟರ್ ಹಿಡಿದು ತಂದರು. ನಾನು ಮುಟ್ಟುವ ಹಾಗಿಲ್ಲ. ಧೂಳು ಒರೆಸಬಹುದು.

ಅಕ್ಟೋಬರ್ 10

ಫ್ಲಾಪಿಯಲ್ಲಿರುವುದು ನನ್ನ ವ್ಯಾಕರಣದ ಕೈಪಿಡಿ. ಟೆಂತ್ ಮಕ್ಕಳಿಗೆ. ಶಾಲೆಯ ಲ್ಯಾಬಿನಲ್ಲಿ ಸಂಜೆ ಸಂಜೆ ಕೂತು ಟೈಪ್ ಮಾಡಿದ್ದು. ಶಾಲೆಯಲ್ಲೂ ಪ್ರಿಂಟರ್ ಉಂಟು... ಹೆಡ್‌ಮಿಸ್ಟ್ರೆಸ್ ರೂಮಿನಲ್ಲಿ ಕಸೂತಿಯ ಬಟ್ಟೆ ಹೊದ್ದು ಮಲಗಿದೆ. ಎಬ್ಬಿಸುವಂತಿಲ್ಲ.

ಅಕ್ಕವ್ವನದೇ ಯೋಚನೆ. ಹೆಗ್ಗನಹಳ್ಳಿಯಿಂದ ನಡೆದು ಬರುವ ಹುಡುಗಿ, ಊರು ಬಿಜಾಪುರದ ಕಡೆ. ಕ್ಲಾಸಿನಲ್ಲಿ ಅವಳಷ್ಟು ಜೀವಂತ ಕನ್ನಡ ಯಾರ ಬಾಯಲ್ಲೂ ಇಲ್ಲ. ಸಂಧಿ ಬಿಡಿಸು ಅಂದರೆ ಮಾತ್ರ ಕಣ್ಣು ಕಣ್ಣು ಬಿಡುತ್ತಾಳೆ. ಅವರಮ್ಮ ಬಂದಿದ್ದರು: "ನಡುಪರೀಕ್ಷಾದಾಗೂ ಫೇಲಾದ್ರ ಗಾರ್ಮೆಂಟ್ಸಿಗೆ ಹಚ್ಚತೀನ್ರಿ ಟೀಚರ್. ಎಷ್ಟಂತ ಕಾಯೂದು?"

ದಸರಾ ರಜೆ ಮುಗಿದ ಕೂಡಲೇ ಪರೀಕ್ಷೆ. ಅಷ್ಟರಲ್ಲಿ ಕೈಪಿಡಿ ಅವಳ ಕೈಗೆ ಸಿಗಬೇಕು. ಹೊರಗಡೆ ಪ್ರಿಂಟ್ ಹಾಕಿಸುತ್ತೇನೆ ಅಂದೆ. "ಮನೇಲಿ ಲೇಸರ್ ಇಟ್ಕೊಂಡು ಹೊರಗಡೆ ಹೋಗ್ತೀಯಾ? ನನ್ ಮರ್ಯಾದೆ ಏನಾಗ್ಬೇಕು?" ಅಂದರು. ಫ್ಲಾಪಿ ಅವರ ಡ್ರಾಯರಿನಲ್ಲಿದೆ.

ಅಕ್ಟೋಬರ್ 12

ಎದುರು ಮನೆಯ ಶ್ಯಾಮಸುಂದರ ಬಂದಿದ್ದರು. ರಿಟೈರ್ಡ್ ಎಂಜಿನಿಯರು. ಕಟ್ಟಿಸಿದ ಸೇತುವೆಗಳು ನಿಂತಿವೆಯೋ ಇಲ್ಲವೋ ಗೊತ್ತಿಲ್ಲ.

ಇಬ್ಬರೂ ಪ್ರಿಂಟರಿನ ಸುತ್ತ ಪ್ರದಕ್ಷಿಣೆ ಹಾಕಿದರು.

"ವೋಲ್ಟೇಜು ಸಾರ್. ಬೇರೆ ಏನೂ ಅಲ್ಲ."

"ಇಂಗ್ಲಿಷಿಗೆ ಸಾಲೋ ವೋಲ್ಟೇಜು ಕನ್ನಡಕ್ಕೆ ಸಾಲಲ್ವಾ?" ಅಂತ ಅಡುಗೆಮನೆಯಿಂದ ಕೇಳಿದೆ.

ಶ್ಯಾಮಸುಂದರ ತಗ್ಗಿದ ದನಿಯಲ್ಲಿ, "ಕನ್ನಡದಲ್ಲಿ ಒತ್ತಕ್ಷರ ಜಾಸ್ತಿ ನೋಡಿ. ಲೋಡ್ ಬೀಳತ್ತೆ."

ಸ್ಟೆಬಿಲೈಸರ್ ತರಲು ಇಬ್ಬರೂ ಬಿನ್ನಿಪೇಟೆಗೆ ಹೋದರು. ತಂದರು. ಅದೇ ಕಸ, ಸ್ವಲ್ಪ ಕಪ್ಪಾಗಿ ಬಂತು. "ನೋಡಿದ್ಯಾ, ಇಂಪ್ರೂವ್‌ಮೆಂಟು!"

ಅಕ್ಟೋಬರ್ 17

ವಿಂಡೋಸನ್ನೇ ಫಾರ್ಮ್ಯಾಟ್ ಮಾಡಿದರು. ಕಂಪ್ಯೂಟರಿನೊಳಗೆ ಹಾಕಿಕೊಂಡಿದ್ದ ನನ್ನ ಕಾಪಿ ಹೋಯಿತು. "ಫ್ಲಾಪಿ ಇದೆಯಲ್ಲ," ಅಂದರು. ಡ್ರಾಯರಿನಲ್ಲಿರಲಿಲ್ಲ. ಸ್ಪೀಕರ್ ಮೇಲೆ ಇಟ್ಟಿದ್ದರು. ಅದರಲ್ಲಿ ಆಯಸ್ಕಾಂತ ಇರುತ್ತದೆ. ಕೋರ್ಸಿನಲ್ಲಿ ಹೇಳಿಕೊಡಲಿಲ್ಲವೇನೋ.

ಕರ್‌ಕರ್ ಅಂತು. ತೆರೆಯಲಿಲ್ಲ.

ಲ್ಯಾಬಿನ ಕಂಪ್ಯೂಟರಿನಲ್ಲಿ ಏನೂ ಉಳಿಸಿರಲಿಲ್ಲ, ಮಕ್ಕಳು ಅಳಿಸಿಬಿಡುತ್ತಾರೆ ಅಂತ. ನನ್ನ ರಫ್ ಹಾಳೆಗಳನ್ನು ಹಬ್ಬಕ್ಕೆ ಮನೆ ಕ್ಲೀನು ಅಂತ ಇವರೇ ರದ್ದಿಗೆ ಹಾಕಿದ್ದಾರೆ.

"ಇನ್ನೊಂದ್ಸಲ ಟೈಪ್ ಮಾಡ್ಕೊಂಡ್ರೆ ಆಯ್ತಪ್ಪ. ನಿಂಗೆ ಬಾಯಲ್ಲೇ ಇದೆಯಲ್ಲ ವ್ಯಾಕರಣ."

ಅಕ್ಟೋಬರ್ 18

ಅನ್ನ ಮಾಡಿದೆ. ಸಾರು ಮಾಡಲಿಲ್ಲ.

ಅಕ್ಟೋಬರ್ 24. ಬೆಳಿಗ್ಗೆ

ಆಯುಧಪೂಜೆಗೆ ಮಾನಿಟರಿನ ಹಣೆಗೆ ಇಟ್ಟ ಕುಂಕುಮ ಒರೆಸಿದೆ. ಧೂಳು ಒರೆಸಲು ಅನುಮತಿ ಇದೆಯಲ್ಲ.

ಅವರು ವಾಕಿಂಗಿಗೆ ಹೋಗುತ್ತಾರೆ. ಹಾವನೂರು ಸರ್ಕಲ್‌ನಲ್ಲಿ ಇಡ್ಲಿ, ಆಮೇಲೆ ಬಡಾವಣೆ ಸಂಘದ ಆಫೀಸಿನಲ್ಲಿ ಹರಟೆ. ಆ ಹೊತ್ತಿನಲ್ಲಿ ಕೈಪಿಡಿಯನ್ನು ಮತ್ತೆ ಟೈಪ್ ಮಾಡುತ್ತಿದ್ದೇನೆ. ಇಷ್ಟು ವರ್ಷ ಬೋರ್ಡಿನ ಮೇಲೆ ಬರೆದದ್ದು ಬೆರಳಿಗೆ ತಾನಾಗಿ ಬರುತ್ತಿದೆ. ಮೊದಲಿಗಿಂತ ಚೆನ್ನಾಗಿಯೇ ಬಂದಿದೆ ಅಂತ ಕಾಣುತ್ತದೆ. ಅದನ್ನು ಅವರಿಗೆ ಹೇಳಬಾರದು. ತಮ್ಮಿಂದಲೇ ಅಂದಾರು.

ಅಕ್ಟೋಬರ್ 26. ಮಧ್ಯಾಹ್ನ

ಬಂತು!

ಯಜಮಾನರು ಗೃಹಪ್ರವೇಶಕ್ಕೆ ತುಮಕೂರಿಗೆ ಹೋಗಿದ್ದಾರೆ. ತಲೆನೋವು ಅಂತ ಉಳಿದುಕೊಂಡೆ. ಕಂಪ್ಯೂಟರಿನಲ್ಲೇ ಹೆಲ್ಪ್ ಅಂತ ಇದೆ. ಓದಿದೆ. ಮನೆಯಲ್ಲಿ ಯಾರೂ ಮಾಡದ ಕೆಲಸ.

ಪ್ರಿಂಟರಿನ ಹೆಸರಿನ ಮೇಲೆ ರೈಟ್ ಕ್ಲಿಕ್. ಪ್ರಾಪರ್ಟೀಸ್. ಅದರೊಳಗೆ ಅಡ್ವಾನ್ಸ್ಡ್. ಅಲ್ಲಿ ಫಾಂಟ್ ಬಗ್ಗೆ ಒಂದು ಸಾಲು. ಪ್ರಿಂಟರು ತನ್ನೊಳಗಿನ ಅಕ್ಷರವನ್ನೇ ಬಳಸಲಿ ಅಂತ ಇತ್ತು. ಕಂಪ್ಯೂಟರಿನಲ್ಲಿರುವ ಅಕ್ಷರವನ್ನೇ ಕಳಿಸು ಅಂತ ಬದಲಾಯಿಸಿದೆ. ಇಷ್ಟೇ. ಕನ್ನಡ ಗೊತ್ತಿಲ್ಲದ ಯಂತ್ರ, ಕೇಳುವುದನ್ನು ಬಿಟ್ಟು ತನಗೆ ಗೊತ್ತಿದ್ದನ್ನೇ ಒದರುತ್ತಿತ್ತು. ಈ ಮನೆಯಲ್ಲಿ ಅಂಥದ್ದು ಅದೊಂದೇ ಅಲ್ಲ.

"ಲೋಪಸಂಧಿ" ಅಂತ ಮೊದಲ ಪುಟ ಬಿಸಿಬಿಸಿಯಾಗಿ ಹೊರಗೆ ಬಂದಾಗ ಕೆನ್ನೆಗೆ ಒತ್ತಿಕೊಂಡೆ. ನಾಚಿಕೆಯಾಯಿತು. ಯಾರೂ ನೋಡಲಿಲ್ಲ.

ಪೂರ್ತಿ ಪ್ರಿಂಟ್ ತೆಗೆದುಕೊಂಡು ಜೆರಾಕ್ಸ್‌ಗೆ ಕೊಟ್ಟು ಬಂದೆ. ವಾಪಸು ಬಂದು ಸೆಟ್ಟಿಂಗನ್ನು ಮೊದಲಿದ್ದಂತೆಯೇ ಮಾಡಿಟ್ಟೆ.

ಹೌದು, ಬೇಕೆಂದೇ. ಪಂಡಿತರು ಕಂಡುಹಿಡಿಯಲಿ.

ಅಕ್ಟೋಬರ್ 28

ಶಾಲೆ ತೆರೆಯಿತು, ಮುಂದಿನ ವಾರ ಪರೀಕ್ಷೆ. ಕೈಪಿಡಿ ಹಂಚಿದೆ. ಅಕ್ಕವ್ವ ಮೂಸಿ ನೋಡಿದಳು.

"ಇದು ನಮಗಽ ಏನ್ರಿ ಟೀಚರ್? ತಿರುಗಿ ಕೊಡೂದಿಲ್ಲ?"

"ನಿಮಗೇ."

"ನಮ್ಮವ್ವಗ ತೋರಸ್ತೀನ್ರಿ. ಆಕಿಗೆ ಓದಾಕ ಬರಂಗಿಲ್ಲ, ಆದ್ರೂ ತೋರಸ್ತೀನಿ."

ಹೆಡ್‌ಮಿಸ್ಟ್ರೆಸ್ ಒಂದು ಪ್ರತಿ ಎತ್ತಿಕೊಂಡು, ಶಾಲೆಯ ಹೆಸರು ಮೇಲೆ ಯಾಕೆ ಹಾಕಿಲ್ಲ ಅಂತ ಕೇಳಿದರು. ನಕ್ಕು ಕ್ಲಾಸಿಗೆ ಹೋದೆ.

ಅಕ್ಟೋಬರ್ 31. ಭಾನುವಾರ

ನಾಳೆ ಬಡಾವಣೆ ಸಂಘದ ರಾಜ್ಯೋತ್ಸವ. ಅಧ್ಯಕ್ಷೀಯ ಭಾಷಣ ಯಜಮಾನರದು. ವಿಷಯ, ಕಂಪ್ಯೂಟರಿನಲ್ಲಿ ಕನ್ನಡ. ದೇವರಿಗೂ ತಮಾಷೆ ಬೇಕಾಗುತ್ತದೆ.

ವಾರದಿಂದ ಒಂದೇ ಬೆರಳಲ್ಲಿ ಕುಟ್ಟುತ್ತಿದ್ದರು. ಇವತ್ತು ಪ್ರಿಂಟ್ ಕೊಟ್ಟರು. ಪೌಂಡು, ಕೊಕ್ಕೆ, ಚುಕ್ಕಿ. ಮತ್ತೆ ಕೊಟ್ಟರು. ಪ್ರಿಂಟರಿನ ಪಕ್ಕೆಗೆ ತಟ್ಟಿದರು. ಆಮೇಲೆ ಬೇಡಿಕೊಳ್ಳುವವರ ಹಾಗೆ ಸವರಿದರು.

ಬಾಗಿಲಲ್ಲಿ ನಿಂತಿದ್ದೆ. "ಸ್ಕ್ರೀನ್ ನೋಡಿಕೊಂಡು ಕೈಯಲ್ಲೇ ಬರೆದುಕೊಡ್ಲಾ?"

ತಿರುಗಿ ನೋಡಿದರು. ಏನೋ ಕೇಳುವವರಿದ್ದರು. ಬಾಯಿ ತೆರೆದದ್ದೂ ಕಂಡಿತು.

"ಬೇಡ. ಬಾಯಿಪಾಠ ಇದೆ."

ನವೆಂಬರ್ 1

ಪಾರ್ಕಿನಲ್ಲಿ ಶಾಮಿಯಾನ. ಜರಿ ಶಲ್ಯ ಹೊದ್ದು ಮೈಕಿನ ಮುಂದೆ ನಿಂತರು. ಕೈಯಲ್ಲಿ ಹಾಳೆಗಳು. ಅದೇ ಕಸದ ಹಾಳೆಗಳು! ಬರೆದ ಭಾಷಣ ಇದೆ ಅಂತ ಜನಕ್ಕೆ ಕಾಣಬೇಕಲ್ಲ.

ಶುರು ಚೆನ್ನಾಗಿಯೇ ಇತ್ತು. ಆಮೇಲೆ "ನಮ್ಮ ಕನ್ನಡ ಭಾಷೆಯು..." ಅಂದರು. ನಿಂತರು. "ನಮ್ಮ ಕನ್ನಡ ಭಾಷೆಯು..." ಹಾಳೆ ನೋಡಿದರು. ಅಲ್ಲೇನಿದೆ? ಪುಟ ತಿರುವಿದರು. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಕ್ಕರು. ಆಗ ನನ್ನ ಕಡೆ ನೋಡಿದರು. ನೇರವಾಗಿ, ಅಷ್ಟು ಜನರ ಮಧ್ಯೆ.

ಸಂತೋಷವಾಗಬೇಕಿತ್ತು. ಆಯಿತು ಕೂಡ. ಆದರೆ ಆ ಹಾಳೆ ಅಲ್ಲಾಡುತ್ತಿದ್ದದ್ದು ಮೈಕಿನಲ್ಲಿ ಪಟಪಟ ಅಂತ ಕೇಳತೊಡಗಿತು. ತಲೆ ತಗ್ಗಿಸಿಬಿಟ್ಟೆ. ಶ್ಯಾಮಸುಂದರ ಚಪ್ಪಾಳೆ ಶುರು ಮಾಡಿದರು, ಮುಗಿಯಿತು ಅನ್ನುವ ಹಾಗೆ. ಎಲ್ಲರೂ ತಟ್ಟಿದರು. ಆ ಮನುಷ್ಯ ಮಾಡಿದ ಒಂದೇ ಒಂದು ಸರಿಯಾದ ಕೆಲಸ.

ಮನೆಗೆ ಬಂದು ಶಲ್ಯ ಮಡಿಸುತ್ತಾ ಹೇಳಿದರು: "ಜೆರಾಕ್ಸ್ ಅಂಗಡಿಯವನು ತೋರಿಸ್ದ, ನಿನ್ ಪುಸ್ತಕಾನ. ನಮ್ ಪ್ರಿಂಟರಿಂದೇ ಅದು. ಅಂಚಲ್ಲಿ ಅದರದೇ ಕಪ್ಪು ಗೆರೆ ಬಿದ್ದಿತ್ತು."

"ಯಾವಾಗ?"

"ಗುರುವಾರ."

"ಮತ್ತೆ ನಿನ್ನೆ ಯಾಕೆ ಕೇಳಲಿಲ್ಲ ನನ್ನ?"

ಶಲ್ಯವನ್ನು ಬಿಚ್ಚಿ ಮತ್ತೆ ಮಡಿಸಿದರು.

"ಹೆಂಗ್ ಕೇಳೋದೇ?"

ಅಷ್ಟು ಜನರ ಮುಂದೆ ನಗೆಪಾಟಲಾಗುವುದು ಸುಲಭ, ಹೆಂಡತಿಯನ್ನು ಕೇಳುವುದು ಕಷ್ಟ. ಎಂಥಾ ಜಾತಿಯಪ್ಪ ಈ ಗಂಡಸರು!

ಊಟ ಬಡಿಸಿದೆ. ತುಪ್ಪ ಸ್ವಲ್ಪ ಹೆಚ್ಚೇ ಹಾಕಿದೆ. ಯಾಕೋ.

ನವೆಂಬರ್ 7. ಭಾನುವಾರ, ಬೆಳಿಗ್ಗೆ

ವಾರವೆಲ್ಲ ಕಂಪ್ಯೂಟರ್ ಕಡೆ ಸುಳಿಯಲಿಲ್ಲ. ಇವತ್ತು ನಾನು ಕೂತಿದ್ದಾಗ ಪಕ್ಕಕ್ಕೆ ಒಂದು ಸ್ಟೂಲ್ ಎಳೆದುಕೊಂಡರು. ಕುರ್ಚಿ ಕೇಳಲಿಲ್ಲ.

"ಎಲ್ಲಿದೆ ಅದು?"

ತೋರಿಸಿದೆ. ಪ್ರಾಪರ್ಟೀಸ್, ಅಡ್ವಾನ್ಸ್ಡ್, ಫಾಂಟ್. ಕನ್ನಡಕ ಏರಿಸಿ ಓದಿದರು.

"ಇಷ್ಟೇನಾ?"

"ಇಷ್ಟೇ."

"ಥೂ," ಅಂದರು. ಪ್ರಿಂಟರಿಗೋ, ನನಗೋ, ತಮಗೋ. ಆಮೇಲೆ, "ನಾನೇ ಒಂದ್ಸಲ ಮಾಡ್ಲಾ?"

ಮಾಡ್ಲಾ! ಈ ಬಾಯಿಂದ! ಮಾಡಿ ಅಂತ ಎದ್ದು ಬಂದೆ. ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಆಗಲೇ ಕೂಗು ಶುರು.

"ತುಂಗಾ... ಪ್ರಿಂಟರೇ ಡಿಲೀಟ್ ಆಗ್ಹೋಯ್ತು ಕಣೇ! ಬಾರೇ ಇಲ್ಲಿ!"

ಇರಲಿ. ಈ ಕಾಫಿ ಕುಡಿದು ಮುಗಿಸುವವರೆಗೂ ನಾನು ಏಳುವುದಿಲ್ಲ.