ನಿನ್ನ ಹೆಸರಿದ್ದ ಕಾಗದ

ಖಲಂದರ್,

ಇದು ನಿನಗೆ ತಲುಪುವುದಿಲ್ಲ. ನಿನ್ನ ನಂಬರು, ವಿಳಾಸ ಎರಡನ್ನೂ ನಾನೇ ಅಳಿಸಿದ್ದೆ.

ಇಲ್ಲಿ ನೆಲೆಸಲು ಬೇಕಾದ ನನ್ನ ಪರವಾನಗಿ, ಇಕಾಮಾದ ಅವಧಿ ಮುಗಿದು ತಿಂಗಳಾಗಿತ್ತು. ನವೀಕರಿಸಲೆಂದು ಇವತ್ತು ರಿಯಾದ್‌ನ ನಮ್ಮ ಆಫೀಸಿಗೆ ಹೋದೆ. ಹೊಸ ಗುಮಾಸ್ತ ಯಹ್ಯಾ, ಭಟ್ಕಳದವನು, ನನ್ನ ಫೈಲಿನಲ್ಲಿದ್ದ ಒಂದು ಅರಬ್ಬಿ ಕಾಗದ ಓದಿ ತಲೆಯೆತ್ತಿದ.

"ಇದೆಂತ ಮಾರಾಯ್ರೆ? ಖಲಂದರ್ ಕೆಲಸ ಬಿಟ್ಟು ಓಡಿಹೋದ ಅಂತ ಸಾಕ್ಷಿ ಹಾಕಿದ್ದು ನೀವಾ?"

ಕೆಳಗಿದ್ದದ್ದು ನನ್ನದೇ ಸಹಿ.

ಮೂರು ವರ್ಷದ ಹಿಂದೆ, ನೀನು ರಜೆ ಪಡೆದೇ ಮದೀನಾಕ್ಕೆ ಹೋಗಿದ್ದ ವಾರ, ಮ್ಯಾನೇಜರ್ ಅದನ್ನು ನನ್ನ ಮುಂದಿಟ್ಟಿದ್ದ. ಮರಳಿ ಬಂದ ನಿನ್ನನ್ನು ಪೊಲೀಸರು ಹಿಡಿದು ಊರಿಗೆ ಅಟ್ಟಿದ್ದು ಅದರ ಆಧಾರದಲ್ಲೇ ಎಂದು ಇವತ್ತು ತಿಳಿಯಿತು. ಒಂದು ಸಲಾಂ ಕೂಡ ಹೇಳದೆ ಹೋದನಲ್ಲ ಎಂದು ಇಷ್ಟು ದಿನ ನಾನೇ ಮುನಿಸಿಕೊಂಡಿದ್ದೆ!

"ಇಲ್ಲೊಂದು ಸಹಿ ಹಾಕಿ, ನಿಮ್ಮದು ಆಯ್ತು" ಎಂದು ಯಹ್ಯಾ ಹೊಸ ಕಾಗದ ಸರಿಸಿದ. ಅದೂ ಅರಬ್ಬಿಯಲ್ಲೇ ಇತ್ತು. ಪೆನ್ನು ಮುಟ್ಟದೆ, ಮೊದಲು ಅದರ ಅರ್ಥ ಹೇಳಿ ಎಂದೆ.

ಅಂದು ಆ ಹಳೆಯ ಕಾಗದವನ್ನು, ಚಿಕ್ಕಂದಿನಲ್ಲಿ ಮದ್ರಸದಲ್ಲಿ ಕಲಿತಂತೆ, ಅಕ್ಷರ ಕೂಡಿಸಿ ಕೂಡಿಸಿ ಓದಿದ್ದೆ. ಅರ್ಥ ಕೇಳಲು ನಾಚಿಕೆಯಾಗಿತ್ತು. ಇಡೀ ಕಾಗದದಲ್ಲಿ ನನಗೆ ತಿಳಿದದ್ದು ನಿನ್ನ ಹೆಸರೊಂದೇ. ಅದನ್ನು ಕಂಡ ಧೈರ್ಯದಲ್ಲೇ ಸಹಿ ಹಾಕಿದೆ.